ಅವರೆಕಾಯಿಯ ಕಾಡುನೆಂಟರು

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಕಡೆಯ ಬಯಲಿನಲ್ಲಿ. ನಮ್ಮ ಕಡೆ ಹಸಿರು ಕಡಿಮೆ, ಇದ್ದಷ್ಟರ ಗುರುತು ಎಲ್ಲರಿಗೂ ಇರುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ನೋಡಿದರೂ ಸಾಕು, ಹೊಲದಲ್ಲಿ ನಿಂತಿರುವುದು ತೊಗರಿಯೋ ಅವರೆಯೋ, ಹುರುಳಿಯೋ ಅಲಸಂದೆಯೋ ಎಂದು ಹೇಳಿಬಿಡುತ್ತಿದ್ದೆ. ಅದೊಂದು ವಿದ್ಯೆ ಎಂದು ನಾನೆಂದೂ ಅಂದುಕೊಂಡಿರಲಿಲ್ಲ. ಮದುವೆಯಾಗಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಗೆ ಮನೆ ಅಳಿಯನಾಗಿ ಬಂದ ಮೇಲೆ, ಅದು ವಿದ್ಯೆಯೇ ಹೌದು, ಆದರೆ ಇಲ್ಲಿ ನಡೆಯುವುದಿಲ್ಲ ಎಂದು ಗೊತ್ತಾಯಿತು. ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಹಸಿರು, ಆ ಹಸಿರಿನ ಮೇಲೆ ಇನ್ನೊಂದು ಹಸಿರು ಹತ್ತಿ ಕೂತಿರುತ್ತದೆ. ಯಾವ ಎಲೆ ಯಾವುದರದು ಎಂದು ಬಿಡಿಸುವುದೇ ಕಷ್ಟ.

ಕೇಳಿದರೆ ಹೇಳುವವರೂ ಸಿಗಲಿಲ್ಲ. ಬೇಲಿಯ ಮೇಲೆ ನೇರಳೆ ಹೂ ಬಿಟ್ಟ ಬಳ್ಳಿ ಯಾವುದು ಎಂದರೆ, "ಅದಾ? ಎಂತದೋ ಕಾಡುಬಳ್ಳಿ ಮಾರಾಯ." ರಸ್ತೆ ಪಕ್ಕದ ಹಳದಿ ಹೂವಿನ ಗಿಡ ಯಾವುದು ಎಂದರೆ, "ಅದೂ ಎಂತದೋ ಗಿಡ." ನನಗೆ ಮೂಗಿನ ತುದಿಯಲ್ಲೇ ಕೋಪ. ಹುಟ್ಟಿದಾಗಿನಿಂದ ಒಂದೇ ಬೇಲಿಯನ್ನು ನೋಡುತ್ತಿರುವವರು ಅದರ ಮೇಲಿರುವುದು ಏನೆಂದು ತಿಳಿಯದೆ ಹೇಗೆ ತಾನೇ ನೆಮ್ಮದಿಯಾಗಿ ಊಟ ಮಾಡುತ್ತಾರೆ ಎಂದು ಹೆಂಡತಿಯ ಹತ್ತಿರ ಕೂಗಾಡುತ್ತಿದ್ದೆ. ಅವಳು ನಗುತ್ತಿದ್ದಳು. "ನಿಮ್ಮೂರಲ್ಲಿ ಇರೋದೇ ನಾಕು ಗಿಡ, ಕೂತ್ಕೊಂಡು ಹೆಸರಿಡ್ತೀರಿ. ನಮ್ಗೆ ಅಷ್ಟು ಪುರಸೊತ್ತುಂಟಾ?"

ಆದರೆ ಸೊಪ್ಪಿನ ಹೆಸರು ಗೊತ್ತಿರಲೇಬೇಕಾದ ಒಂದು ದಿನ ಈ ಮನೆಯಲ್ಲಿ ಇತ್ತು. ಅದು ಭೂಮಿ ಹುಣ್ಣಿಮೆ. ಮಳೆ ಹಿಂದೆ ಸರಿದು ಗದ್ದೆಯ ಪೈರು ತೆನೆಯನ್ನು ಒಳಗಿಟ್ಟುಕೊಂಡು ಹೊಡೆ ಕಟ್ಟುವ ಕಾಲಕ್ಕೆ ಭೂಮಿತಾಯಿ ಬಸುರಿ ಎಂದು ಇಲ್ಲಿಯವರು ಅವಳಿಗೆ ಬಯಕೆಯ ಊಟ ಬಡಿಸುತ್ತಾರೆ. ಹಿಂದಿನ ದಿನ ಗದ್ದೆಯ ಅಂಚು, ಬೇಲಿ, ಗುಡ್ಡ ಎಲ್ಲ ತಿರುಗಿ ಸೊಪ್ಪಿನ ಎಳೆಕುಡಿಗಳನ್ನು ಚಿವುಟಿ ತರುತ್ತಾರೆ. ನೂರೊಂದು ಕುಡಿ ಎಂದು ಬಾಯಿಮಾತಿನ ಲೆಕ್ಕ. ಅಷ್ಟನ್ನೂ ಒಂದೇ ಗಡಿಗೆಯಲ್ಲಿ ಬೇಯಿಸುತ್ತಾರೆ. ಬೆಳಕು ಹರಿಯುವ ಮುಂಚೆ ಮನೆಯ ಗಂಡಸೊಬ್ಬ ಆ ಬೆರಕೆಸೊಪ್ಪು, ಅನ್ನ, ಕಡುಬುಗಳ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಗದ್ದೆಗೆ ಹೋಗಿ ಮೂಲೆಮೂಲೆಗೂ ಬೀರಿ ಬರುತ್ತಾನೆ. ಹಿಂದೆ ಹೋದವರು ಪ್ರತಿ ಸಲಕ್ಕೂ 'ಹೂ' ಎಂದು ಕೂಗುತ್ತಾರೆ.

ನಮ್ಮ ಮನೆಯ ಕ್ರಮ ಬೇರೆ ಮನೆಗಳಿಗಿಂತ ಸ್ವಲ್ಪ ಬಿಗಿ. ಹೆಸರು ಗೊತ್ತಿಲ್ಲದ ಕುಡಿ ಗಡಿಗೆಗೆ ಬೀಳಬಾರದು. ಬುಟ್ಟಿ ಹೊತ್ತವನು ಅಂಚಿನ ಮೇಲೆ ನಿಂತು, ಏನೇನು ತಂದಿದ್ದೇನೆ ಎಂದು ಭೂಮಿಗೆ ಒಂದೊಂದಾಗಿ ಹೇಳಿಯೇ ಬಡಿಸಬೇಕು.

ಆ ಬುಟ್ಟಿಯನ್ನು ಮಾವನವರೇ ಹೊರುತ್ತಿದ್ದರು. ನಾನು ಹಿಂದಿನಿಂದ ಟಾರ್ಚ್ ಹಿಡಿದು, 'ಹೂ' ಎಂದು ಕೂಗಿಕೊಂಡು ಹೋಗುತ್ತಿದ್ದೆ. ಗದ್ದೆಗೆ ಟಿಲ್ಲರ್ ಹೊಡೆಯುವವನು ನಾನು, ನಟ್ಟಿಗೆ ಜನ ಕೂಡಿಸುವವನು ನಾನು, ಪೈರಿಗೆ ಹಂದಿ ನುಗ್ಗದಂತೆ ಕಾಯುವವನು ನಾನು. ಬುಟ್ಟಿಯ ವಿಷಯ ಬಂದಾಗ ಮಾತ್ರ ಟಾರ್ಚಿನವನು. ಹೋದ ಬೇಸಿಗೆಯಲ್ಲಿ ಮಾವನ ಮಂಡಿಗೆ ಆಪರೇಷನ್ ಆಯಿತು. ಕೋಲು ಹಿಡಿದು ನಡೆಯಬಹುದು, ಭಾರ ಹೊರುವಂತಿಲ್ಲ ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಗಂಡುಮಕ್ಕಳಿಲ್ಲ. ಬುಟ್ಟಿ ಇನ್ನು ಮಾವನ ತಮ್ಮನ ಮಗನಿಗೇ ಎಂದು ಊರಲ್ಲಿ ಮಾತಾಯಿತು. ಅವನು ಆಚೆಮನೆಯವನು, ಕಮ್ಮರಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಕಂಡಾಗಲೆಲ್ಲ ನಕ್ಕು ಮಾತಾಡಿಸುವವನು. ಅವನ ಮೇಲೆ ಸಿಟ್ಟಾಗಲು ನನಗೆ ಒಂದು ಕಾರಣವೂ ಇರಲಿಲ್ಲ, ಆದರೂ ಸಿಟ್ಟಾದೆ. ನನಗೆ ಆ ಬುಟ್ಟಿ ಬೇಕಿತ್ತು. ಈ ಮನೆಗೆ ಬಂದು ಇಷ್ಟು ವರ್ಷವಾದ ಮೇಲೂ ಯಾರಾದರೂ ನನ್ನನ್ನು ತೋರಿಸಿ 'ಬಯಲುಸೀಮೆಯ ಅಳಿಯ' ಎನ್ನುವಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಕೇಳಿಯೇಬಿಟ್ಟೆ. "ಮಾವ, ಈ ಸಲ ಬುಟ್ಟಿ ನಾನು ಹೊರ್ಲಾ?"

ಮಾವ ಮಜ್ಜಿಗೆ ಸುರಿದುಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ. "ಹೊರೋನಿಗೆ ಒಳಗೆ ಎಂತ ಉಂಟು ಅಂತ ಗೊತ್ತಿರ್ಬೇಕು ಮಾರಾಯ. ಬಸುರಿ ಹೆಂಗಸಿಗೆ ಹೆಸರು ಗೊತ್ತಿಲ್ಲದ್ದನ್ನ ತಿನ್ಸಕ್ಕೆ ಆಗ್ತದಾ? ನಿಂಗೆ ಕಾಡುಸೊಪ್ಪು ಎಷ್ಟು ಗೊತ್ತುಂಟು?"

"ಗೊತ್ತಿಲ್ಲ. ಕಲೀತೀನಿ."

"ಕಲಿ. ಬೇಡ ಅಂದವ್ರು ಯಾರು."

ಕೊಡುತ್ತೇನೆ ಎಂದೂ ಹೇಳಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ. ನಾನು ಅದನ್ನು ಅರ್ಧ ಒಪ್ಪಿಗೆ ಎಂದೇ ಹಿಡಿದೆ. ಅತ್ತೆ ಪಕ್ಕದಲ್ಲಿ ಕೂತು ಉಪ್ಪಿನಕಾಯಿ ಬಡಿಸುತ್ತಿದ್ದರು.

ನನ್ನ ಕೆಲಸ ಗೂಡ್ಸ್ ಆಟೋ ಓಡಿಸುವುದು. ಕೊಪ್ಪ ಪೇಟೆಯ ಒಬ್ಬ ಸಾಯ್ಬರ ಹಿಂಡಿ ಅಂಗಡಿಯಿಂದ ದನದ ಹಿಂಡಿ, ಕೋಳಿ ಆಹಾರದ ಮೂಟೆಗಳನ್ನು ಮೇಗುಂದ, ಶೃಂಗೇರಿ, ನರಸಿಂಹರಾಜಪುರದ ಕಡೆಗೆಲ್ಲ ಮುಟ್ಟಿಸುತ್ತೇನೆ. ಸಾಯ್ಬರಿಗೆ ನನಗಿಂತ ವಯಸ್ಸು ಜಾಸ್ತಿ, ತಿರುಗಾಟದ ಹುಚ್ಚು ಅದಕ್ಕಿಂತ ಜಾಸ್ತಿ. ಲೋಡು ದೂರದ್ದಾದರೆ ಅಂಗಡಿಯ ಗಲ್ಲಾದಲ್ಲಿ ಮಗನನ್ನು ಕೂರಿಸಿ ನನ್ನ ಪಕ್ಕದ ಸೀಟಿಗೆ ಹತ್ತಿ ಕೂರುತ್ತಾರೆ. ನನ್ನ ಸಂಕಟವನ್ನು ಹೇಳಿಕೊಂಡದ್ದು ಅವರಿಗೇ.

"ಎಲ್ಲಾ ಸೊಪ್ಪೂ ಒಟ್ಟಿಗೆ ಕಲಿಯಕ್ಕೆ ಹೋದ್ರೆ ಒಂದೂ ತಲೆಗೆ ಹತ್ತಲ್ಲ" ಎಂದರು ಅವರು. "ನಿಮಗೆ ಗೊತ್ತಿರೋದು ಎಂತ? ಅವರೆ, ತೊಗರಿ. ಅಲ್ಲಿಂದ ಶುರು ಮಾಡಿ. ಅವುಕ್ಕೂ ಇಲ್ಲಿ ಯಾರಾದ್ರೂ ನೆಂಟರು ಇರ್ಲೇಬೇಕಲ್ಲ."

ಆ ಮಾತು ನನಗೆ ಹಿಡಿಸಿತು. ಅದೇ ವಾರ ಸಾಯ್ಬರು ತಮ್ಮ ಫೋನಿಗೆ ಒಂದು ಆ್ಯಪ್ ಹಾಕಿಸಿಕೊಂಡರು. ಎಲೆಯ ಫೋಟೋ ಹೊಡೆದರೆ ಅದು ಹೆಸರು ಹೇಳುತ್ತದಂತೆ. ಹೇಳುತ್ತಲೂ ಇತ್ತು. ಒಂದೇ ಬಳ್ಳಿಯನ್ನು ಎದುರಿನಿಂದ ಹೊಡೆದರೆ ಒಂದು ಹೆಸರು, ಪಕ್ಕದಿಂದ ಹೊಡೆದರೆ ಇನ್ನೊಂದು, ನೆಟ್‌ವರ್ಕ್ ಇಲ್ಲದ ಕಡೆ ಗಿರ್ರೆಂದು ತಿರುಗುವುದೊಂದೇ. ಆದರೂ ಅದರಿಂದ ಒಂದು ಉಪಕಾರವಾಯಿತು. ಹೂವಿನ ಚಿತ್ರ ತೋರಿಸಿ, ಬಟಾಣಿ ಕುಟುಂಬದ್ದಾದರೆ ಹೂ ಹೀಗಿರುತ್ತದೆ ಎಂದು ಬಿಡಿಸಿ ಬರೆದಿತ್ತು. ಹಿಂದೆ ಎದ್ದು ನಿಂತ ದೊಡ್ಡ ಎಸಳು ಬಾವುಟ, ಎರಡು ಪಕ್ಕದವು ರೆಕ್ಕೆ, ಕೆಳಗೆ ಎರಡು ಎಸಳು ಕೂಡಿಕೊಂಡು ಒಂದು ಪುಟ್ಟ ದೋಣಿ. ಗಂಡು ಹೆಣ್ಣಿನ ಸಂಸಾರವೆಲ್ಲ ಆ ದೋಣಿಯೊಳಗೆ.

ಅವರೆ ಹೂವನ್ನು ಸಾವಿರ ಸಲ ಕಂಡವನು ನಾನು. ಅದನ್ನು ಬಿಡಿಸಿ ನೋಡಬೇಕು ಎಂದು ಒಮ್ಮೆಯೂ ಅನಿಸಿರಲಿಲ್ಲ. ಮೂಟೆ ಇಳಿಸುವವರಿಗಾಗಿ ಕಾಯುವಾಗ ರಸ್ತೆಯ ಪಕ್ಕದ ಹೂ ಕಿತ್ತು ಉಗುರಿನಿಂದ ಸೀಳುವುದು ಅಭ್ಯಾಸವಾಯಿತು. ಮೇಗುಂದದ ಹತ್ತಿರ ರಸ್ತೆಬದಿಯ ಮಣ್ಣಿನ ದರೆಯ ಮೇಲೆ ಹಳದಿ ಹೂವಿನ ಗಿಡವೊಂದು ಸಾಲಾಗಿ ನಿಂತಿತ್ತು. ಬಾವುಟ, ರೆಕ್ಕೆ, ದೋಣಿ, ಎಲ್ಲ ಸರಿಯಾಗಿತ್ತು. ಕಾಯಿ ಉಬ್ಬಿದ ಬಲೂನು. ಒಣಗಿದ ಮೇಲೆ ಒಳಗಿನ ಬೀಜ ಗಿಲಿಗಿಲಿ ಎನ್ನುತ್ತದೆ, ಅದಕ್ಕೇ ಗಿಲಕಿ ಎನ್ನುತ್ತಾರೆ ಎಂದು ಹಿಂಡಿ ಕೊಳ್ಳಲು ಬಂದವರೊಬ್ಬರು ಹೇಳಿದರು. ಇಷ್ಟು ವರ್ಷ 'ಎಂತದೋ ಗಿಡ' ಆಗಿದ್ದದ್ದಕ್ಕೆ ಒಂದು ಹೆಸರು ಸಿಕ್ಕಿತು. ಅವತ್ತು ಮನೆಗೆ ಬರುವಾಗ ಆಟೋದಲ್ಲಿ ಹಾಡು ಹೇಳಿಕೊಂಡು ಬಂದೆ.

ಬೇಲಿಯ ನೇರಳೆ ಹೂವು ಶಂಖಪುಷ್ಪ, ಅದರ ಬಾವುಟ ತಲೆಕೆಳಗು. ಗುಡ್ಡದ ಬದಿಯ ಕಾಡುತೊಗರಿಯನ್ನು ಗುರುತಿಸಲು ಹೂವೂ ಬೇಕಾಗಲಿಲ್ಲ. ಎಲೆ ಹೊಸಕಿ ಮೂಗಿಗೆ ಹಿಡಿದೆ, ನಮ್ಮೂರ ಹೊಲದ ವಾಸನೆಯೇ ಬಂತು. ಆ ವಾಸನೆಗೆ ನನಗೆ ಒಂದು ಗಳಿಗೆ ಊರಿನ ನೆನಪು ಒತ್ತರಿಸಿ ಬಂದು ಹಾಗೆಯೇ ನಿಂತುಬಿಟ್ಟೆ. ಶೃಂಗೇರಿ ರಸ್ತೆಯಲ್ಲಿ ಚಹಾಕ್ಕೆ ನಿಲ್ಲಿಸಿದಲ್ಲಿ ನೆಲಕ್ಕೆ ಅಂಟಿಕೊಂಡು ಹರಡಿದ್ದ ಚಿಕ್ಕ ಮೂರೆಲೆಯ ಗಿಡ ಕಾಡುಮೆಂತ್ಯ. ಗುಲಗಂಜಿ ಬಳ್ಳಿಯ ಬೀಜ ವಿಷ, ಎಲೆ ಸಿಹಿ. ಸಾಯ್ಬರು ಆ ಎಲೆಯನ್ನು ವೀಳ್ಯದ ಜೊತೆ ಇಟ್ಟು ಜಗಿಯುತ್ತಾರೆ. ಅವರಿಗೆ ಅದು ಗಂಟಲಿನ ಎಲೆ, ಅವರೆಯ ನೆಂಟ ಎಂದರೆ ನಂಬಲೇ ಇಲ್ಲ.

ನಂಬದಿರುವುದಕ್ಕೆ ಅವರಿಗೂ ಕಾರಣವಿತ್ತು. ಆ್ಯಪ್ ದಿನಕ್ಕೊಂದು ಹೊಸ ನೆಂಟನನ್ನು ಕರೆತರುತ್ತಿತ್ತು. ನಾಚಿಕೆಮುಳ್ಳು ಇದೇ ಕುಟುಂಬ. ಚಗಟೆ ಸೊಪ್ಪು ಇದೇ ಕುಟುಂಬ. ಕಾಫಿ ತೋಟದ ಹಾಲವಾಣ, ಕಾಡಿನ ಹೊನ್ನೆ, ಬೀಟೆ, ಎಲ್ಲವೂ ಇದೇ ಕುಟುಂಬ.

"ಬೀಟೆ ಮರಾನೂ ಬಟಾಣಿಯಾ?" ಎಂದರು ಸಾಯ್ಬರು. "ನಮ್ಮನೆ ಮಂಚ ಬೀಟೇದು. ಇಷ್ಟು ದಿನ ನಾನು ಬಟಾಣಿ ಮೇಲೆ ಮಲಗ್ತಿದ್ನಾ?"

"ಕಾಯಿ ನೋಡ್ಬೇಕು. ಸೀಳಿದ್ರೆ ಎರಡು ಹೋಳು, ಒಂದೇ ಅಂಚಿಗೆ ಬೀಜ ಅಂಟಿರ್ತೈತೆ. ಹೂವು ಹೆಂಗಾರ ಇರ್ಲಿ, ಕಾಯಿ ಸುಳ್ಳು ಹೇಳಲ್ಲ."

"ನೀವು ಸುಳ್ಳು ಹೇಳ್ತೀರ ಅಂತ ನಾನು ಹೇಳಿದ್ನಾ? ಮಂಚ ಸುಳ್ಳು ಹೇಳ್ತದೆ."

ಎಲ್ಲವೂ ಹೀಗೆ ಸಲೀಸಾಗಿ ನಡೆಯಲಿಲ್ಲ. ಮೂರು ಎಲೆ ಕಂಡರೆ ಸಾಕು, ಅವರೆಯ ಪೈಕಿ ಎಂದು ಸಾರುವ ಚಟ ಹತ್ತಿತು ನನಗೆ. ಅಂಗಳದ ಮೂಲೆಯಲ್ಲಿ ಮೂರೆಲೆಯ ಗಿಡವೊಂದನ್ನು ಕಂಡು, ಇದೂ ಕಾಡುಮೆಂತ್ಯದ ಜಾತಿ ಎಂದು ಅತ್ತೆಗೆ ತೋರಿಸಿದೆ. ಅವರು ಒಂದೆಲೆ ಕಿತ್ತು ನನ್ನ ಬಾಯಿಗೇ ಇಟ್ಟರು. ಹುಳಿ. "ಹುಳಿಸೊಪ್ಪು ಇದು. ತಂಬುಳಿ ಮಾಡಿದ್ದೆ, ನೀವೇ ಎರಡು ಸಲ ಹಾಕ್ಸಿಕೊಂಡ್ರಿ" ಎಂದರು. ಹೆಂಡತಿ ಒಳಗಿನಿಂದ, "ಮೂರೆಲೆ ಇದ್ರೆ ಬಟಾಣಿ ಅಂತಾದ್ರೆ ದೇವರ ತಲೆ ಮೇಲಿನ ಬಿಲ್ಪತ್ರೆ ಎಂತ?" ಎಂದಳು. ಒಂದು ವಾರ ಮನೆಯಲ್ಲಿ ನನ್ನ ಬಾಯಿ ಕಟ್ಟಿಹೋಯಿತು.

ಆಮೇಲೆ ಎಲೆಯನ್ನು ಎಣಿಸುವುದು ಬಿಟ್ಟು ತೊಟ್ಟಿನ ಬುಡ ನೋಡಲು ಕಲಿತೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ ಒಂದು ಗಂಟು ಊದಿಕೊಂಡಿರುತ್ತದೆ, ಮಾವನ ಮಂಡಿಯ ಹಾಗೆ. ಆ ಮಂಡಿ ಮಡಚಿಯೇ ಸಂಜೆಯಾದರೆ ಎಲೆಗಳು ಮಲಗುವುದು. ಗಿಡ ಕಿತ್ತರೆ ಬೇರಿನಲ್ಲಿ ಸಾಸಿವೆಯಂಥ ಗುಳ್ಳೆಗಳು, ಒತ್ತಿದರೆ ಒಳಗೆ ನಸುಗೆಂಪು. ನಮ್ಮೂರಲ್ಲಿ ಜೋಳದ ಹಿಂದೆ ಹುರುಳಿ ಬಿತ್ತುವುದು ಆ ಗುಳ್ಳೆಗಳಿಗಾಗಿಯೇ, ನೆಲಕ್ಕೆ ಬಲ ಬರಲಿ ಎಂದು. ಇದನ್ನು ಹೇಳಿದಾಗ ಮಾವ ಕಿವಿಗೊಟ್ಟು ಕೇಳಿದರು, ಒಂದು ಬೇರನ್ನು ಕೈಗೆ ತೆಗೆದುಕೊಂಡು ಕನ್ನಡಕ ಹಾಕಿ ನೋಡಿದರು. ನನಗೆ ಅಷ್ಟಕ್ಕೇ ಹಿಗ್ಗು.

ನರಸಿಂಹರಾಜಪುರದ ಕಡೆಗೆ ಹೋದರೆ ರಬ್ಬರ್ ತೋಟಗಳು. ಅಲ್ಲಿ ಮರಗಳ ನಡುವೆ ನೆಲ ಕಾಣದ ಹಾಗೆ ಒಂದು ಬಳ್ಳಿ ಹರಡಿರುತ್ತದೆ. ಕಳೆ ಬರದಿರಲಿ, ಮಣ್ಣು ಕೊಚ್ಚದಿರಲಿ ಎಂದು ಬೇಕೆಂದೇ ಬಿತ್ತಿದ್ದು. ಅದೂ ಮೂರೆಲೆಯದೇ, ಅವರೆಯ ಪೈಕಿಯೇ. ಈಗ ಅದು ತೋಟದ ಬೇಲಿ ಹಾರಿ ರಸ್ತೆಗೆ ಬಂದು ಕರೆಂಟು ಕಂಬದ ಆಸರೆ ತಂತಿ ಹತ್ತಿಬಿಟ್ಟಿದೆ. ಬೇಸಿಗೆಯ ಕೊನೆಯಲ್ಲಿ ಅಂಥದೇ ಒಂದು ಬೇಲಿಯ ಹತ್ತಿರ ಗೇಟು ತೆರೆಯಲು ಕಾಯುತ್ತಿದ್ದಾಗ, ಒಣಗಿದ ಬೇರೊಂದು ಬಳ್ಳಿಯ ಮೇಲೆ ಬಂಗಾರದ ಬಣ್ಣದ, ಮಖಮಲ್ಲು ಹೊದ್ದ ಕಾಯಿಗಳು ತೂಗುವುದು ಸಾಯ್ಬರ ಕಣ್ಣಿಗೆ ಬಿತ್ತು. "ಕಾಯಿ ಸುಳ್ಳು ಹೇಳಲ್ಲ ಅಂದ್ರಲ್ಲ, ನೋಡೇ ಬಿಡುವ" ಎಂದು ಒಂದು ಗೊಂಚಲನ್ನು ಹಿಡಿದು ಎಳೆದರು.

ಅದು ನಸುಗುನ್ನಿ. ಎರಡು ನಿಮಿಷದೊಳಗೆ ಸಾಯ್ಬರು ಕುಣಿಯತೊಡಗಿದರು. ತುರಿಸಿದಷ್ಟೂ ಉರಿ. ನೀರು ಹಾಕಿದರೆ ಇನ್ನೂ ಹರಡಿತು. ಸಗಣಿ ಹಚ್ಚಿ ಎಂದು ತೋಟದವರು ಹೇಳಿದರು. ಮೊಣಕೈವರೆಗೆ ಸಗಣಿ ಮೆತ್ತಿಕೊಂಡು ಸಾಯ್ಬರು ನನ್ನ ಪಕ್ಕದಲ್ಲಿ ಕೈ ಚಾಚಿ ಕೂತು ಕೊಪ್ಪಕ್ಕೆ ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಬರುವಾಗ ಮಾತ್ರ, "ಸ್ವಲ್ಪ ಜೋರಾಗಿ ಹೊಡೀರಿ, ಪರಿಚಯದವರು ಇರ್ತಾರೆ" ಎಂದರು. ಅಂಗಡಿಯ ಮುಂದೆ ಇಳಿದು ಕೈ ತೊಳೆದ ಮೇಲೆ ಹೇಳಿದ್ದು ಇಷ್ಟೇ: "ಇದೊಂದು ಹೆಸರು ನಾನು ಸಾಯೋತನ್ಕ ಮರೆಯಲ್ಲ ಬಿಡಿ."

ಮಳೆ ಹಿಡಿದ ಮೇಲೆ ನಮ್ಮ ಕೆಳಗದ್ದೆಯ ಅಂಚಿನಲ್ಲೇ ನನಗೊಂದು ಒಗಟು ಹುಟ್ಟಿತು. ಅಂಚು ಗುಡ್ಡಕ್ಕೆ ತಾಗುವ ಮೂಲೆಯಲ್ಲಿ ಒಂದು ಬಳ್ಳಿ ಎದ್ದಿತ್ತು. ಮೂರೆಲೆ, ಮೈತುಂಬ ಮೃದುವಾದ ರೋಮ, ನಡುವಿನ ಎಲೆಯ ಮೇಲೆ ಬಿಳ್ಚಿದ ಒಂದು ಮಚ್ಚೆ. ಹುರುಳಿಯ ಹಾಗಿತ್ತು, ಆದರೆ ಹುರುಳಿಯಲ್ಲ. ತೊಟ್ಟಿನ ಬುಡದಲ್ಲಿ ಮಂಡಿ ಇತ್ತು, ಬೇರಿನಲ್ಲಿ ಗುಳ್ಳೆ ಇತ್ತು. ಅತ್ತೆಗೆ ಗೊತ್ತಿರಲಿಲ್ಲ, ಮಾವನಿಗೆ ಗೊತ್ತಿರಲಿಲ್ಲ, ಹುಲ್ಲು ಕೊಯ್ಯಲು ಬರುವ ಹೆಂಗಸರಿಗೂ ಗೊತ್ತಿರಲಿಲ್ಲ. ಆ್ಯಪ್ ದಿನಕ್ಕೊಂದು ಹೆಸರು ಹೇಳಿತು. ಹೂ ಬಿಡುವವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಪುಸ್ತಕಗಳಲ್ಲಿ ಅದಕ್ಕಿರುವ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಕಾಯುವುದೆಂದರೆ ಸುಮ್ಮನೆಯೇ? ಗದ್ದೆಯ ಅಂಚಿನ ಹುಲ್ಲು ದನಕ್ಕೆ ದಿನಾ ಕೊಯ್ಯುವಂಥದು. ಅದಕ್ಕಿಂತ ದೊಡ್ಡದು ಮಾವನ ಮರ್ಯಾದೆ. ಅಂಚು ನುಣ್ಣಗೆ ಕೆತ್ತಿರಬೇಕು, ರಸ್ತೆಯಲ್ಲಿ ಹೋಗುವವರು ನೋಡಿ ಇದು ಇಂಥವರ ಗದ್ದೆ ಎನ್ನಬೇಕು ಎಂಬುದು ಅವರ ಹಟ. ನಾನು ಆ ಬಳ್ಳಿಯ ಪಕ್ಕ ಅಡಿಕೆ ಮರ ಸೀಳಿದ ದಬ್ಬೆಯೊಂದನ್ನು ನೆಟ್ಟು, ಹೆಂಡತಿಯ ಹಳೆಯ ರವಿಕೆಯ ಕೆಂಪು ಚೂರು ಕಟ್ಟಿ, ಇಷ್ಟನ್ನು ಯಾರೂ ಮುಟ್ಟಬಾರದು ಎಂದು ಸಾರಿದೆ.

ಮಾವ ಕೋಲೂರಿಕೊಂಡು ಬಂದು ನೋಡಿದರು. "ತಲೆ ಬೋಳ್ಸಿ ಅಲ್ಲೊಂದು ಜುಟ್ಟು ಬಿಟ್ಟಂಗೆ ಆಯ್ತಲ್ಲ ಮಾರಾಯ."

"ಹೂ ಬಿಡಾವರ್ಗೂ ಮಾವ. ಆಮೇಲೆ ನಾನೇ ಕೆತ್ತಿ ಕೊಡ್ತೀನಿ."

"ಹೂ ಬಿಟ್ರೆ ಎಂತ ಆಗ್ತದೆ?"

"ಹೆಸ್ರು ಗೊತ್ತಾಗ್ತೈತೆ."

ಅವರು ಕೋಲಿನ ತುದಿಯಿಂದ ಆ ಕೆಂಪು ಚೂರನ್ನು ಒಮ್ಮೆ ಎತ್ತಿ ನೋಡಿ ವಾಪಸು ಹೋದರು. ಜುಟ್ಟು ಉಳಿಯಿತು. ದಿನಾ ಬೆಳಿಗ್ಗೆ ಆಟೋ ಹೊರಡಿಸುವ ಮುಂಚೆ ಹೋಗಿ ನೋಡಿ ಬರುತ್ತಿದ್ದೆ. ಪ್ಯಾಂಟಿಗೆ ಅಂಟುವ ಬೀಜಗಳು ತುಂಬಿಕೊಂಡು ಬರುತ್ತಿದ್ದವು. ಅವೂ ಅವರೆಯ ಕಡೆಯವೇ, ಸರಪಳಿಯ ಹಾಗೆ ಕಾಯಿ, ಒಂದೊಂದು ಕೊಂಡಿಯೂ ಬಿಡಿಯಾಗಿ ಬಟ್ಟೆ ಹಿಡಿಯುತ್ತದೆ. ಹೆಂಡತಿ ಒಗೆಯುವ ಕಲ್ಲಿನ ಹತ್ತಿರ ಕೂತು ಅವನ್ನು ಒಂದೊಂದಾಗಿ ಕೀಳುತ್ತ, "ಇನ್ನು ಮುಂದೆ ಲುಂಗಿ ಎತ್ತಿ ಕಟ್ಕೊಂಡು ಹೋಗಿ, ನೆಂಟರು ಚರ್ಮಕ್ಕೆ ಅಂಟ್ಲಿ" ಎಂದು ಗೊಣಗುತ್ತಿದ್ದಳು.

ಭೂಮಿ ಹುಣ್ಣಿಮೆಯ ಹಿಂದಿನ ದಿನ ಬಂತು. ಲೋಡು ಬೇಡ ಎಂದು ಸಾಯ್ಬರೇ ರಜೆ ಕೊಟ್ಟರು. ನಾನೂ ಹೆಂಡತಿಯೂ ಕಾಫಿ ಕುಡಿದು ಹೊರಟೆವು. ಒಂದೆಲಗ, ಕೆಸು, ಹೊನಗೊನೆ, ಎಲವರಿಗೆ, ಕನ್ನೆಕುಡಿ ಅವಳ ಪಾಲು. ಅವರೆಯ ನೆಂಟರೆಲ್ಲ ನನ್ನ ಪಾಲು. ಮಧ್ಯಾಹ್ನದ ಹೊತ್ತಿಗೆ ಜಗುಲಿಯಲ್ಲಿ ಅತ್ತೆ ಮೊರ ಇಟ್ಟುಕೊಂಡು ಕೂತರು. ನಾನು ಒಂದೊಂದೇ ಕುಡಿ ಇಟ್ಟು ಹೆಸರು ಹೇಳಬೇಕು, ಅವರು ಒಪ್ಪಿದರೆ ಮೊರಕ್ಕೆ. ಮಾವ ಅಲ್ಲೇ ಕುರ್ಚಿಯ ಮೇಲೆ ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದರು, ಅಂದರೆ ಓದುವ ಹಾಗೆ ಕೂತಿದ್ದರು.

ಕಾಡುತೊಗರಿ, ಹೆಸರುಕಾಳಿನ ನೆಂಟ ಕಾಡುಹೆಸರು, ಶಂಖಪುಷ್ಪ, ಗುಲಗಂಜಿ, ಚಗಟೆ, ಕಾಡುಮೆಂತ್ಯ. ಎಲ್ಲವೂ ಮೊರಕ್ಕೆ ಬಿದ್ದವು. ಗಿಲಕಿಯನ್ನು ಅತ್ತೆ ಪಕ್ಕಕ್ಕೆ ಎಸೆದರು. "ದನ ಬಾಯಿ ಹಾಕದ್ದು ಭೂಮಿತಾಯಿಗೂ ಬೇಡ." ಇನ್ನೊಂದು ಚಿಗುರನ್ನು ಕಾಡುಮೆಂತ್ಯದ ಪಕ್ಕಕ್ಕಿಟ್ಟು ನೋಡಿ, "ಇದೂ ಅದೇ. ಅದು ಬಿಸಿಲಲ್ಲಿ ಬೆಳೆದದ್ದು, ಇದು ನೆರಳಲ್ಲಿ. ಲೆಕ್ಕಕ್ಕೆ ಒಂದೇ" ಎಂದರು. ನೋಡಿದರೆ ಹೌದು. ನಾನು ಮಾವನ ಕಡೆ ನೋಡಿದೆ, ಪೇಪರು ಅಲ್ಲಾಡಲಿಲ್ಲ.

"ಅಂಚಿಂದು ತರಲಿಲ್ವಾ?" ಎಂದರು ಅತ್ತೆ ಕೊನೆಗೆ.

"ಅದಕ್ಕೆ ಹೆಸ್ರಿಲ್ವಲ್ಲ ಅತ್ತೆ. ಹೆಂಗೆ ತರೋದು? ನಿನ್ನೆ ಒಂದು ಕುಡೀಲಿ ಮೊಗ್ಗು ಬಂದೈತೆ. ಎರಡು ಮೂರು ದಿನದಲ್ಲಿ ಅರಳ್ತೈತೆ."

"ಹೌದಾ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಸಂಜೆ ಆಚೆಮನೆಯವನು ಹೊಸ ಪಂಚೆ ಉಟ್ಟು ಬಂದ. ಮಾವ ಅವನಿಗೆ ಕಾಫಿ ಕೊಡಿಸಿದರು, ತಮ್ಮ ಫೋನಿನ ಚಾರ್ಜು ನಿಲ್ಲುವುದಿಲ್ಲ ಎಂದು ದೂರು ಹೇಳಿದರು. ಬೆಳಿಗ್ಗೆ ಬೇಗ ಬಾ ಎಂದೂ ಹೇಳಿದರು. ನಾನು ಎದ್ದು ಕೊಟ್ಟಿಗೆಗೆ ಹೋಗಿ, ಹಾಕಿದ ಹುಲ್ಲನ್ನೇ ಮತ್ತೆ ಹಾಕಿದೆ. ಕಲಿತದ್ದು ಒಳ್ಳೆಯದೇ ಆಯಿತು, ಬುಟ್ಟಿ ಸಿಗದಿದ್ದರೆ ಕಲಿತದ್ದೇನು ಮರೆತುಹೋಗುತ್ತದೆಯೇ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಸಮಾಧಾನ ಆಗಲಿಲ್ಲ.

ನಸುಕಿನಲ್ಲಿ ಎಲ್ಲರೂ ಸ್ನಾನ ಮಾಡಿ ಜಗುಲಿಗೆ ಬಂದೆವು. ಬುಟ್ಟಿ ಸಿದ್ಧವಾಗಿತ್ತು, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಗೆರೆ ಎಳೆದದ್ದು, ಬಾಳೆ ಎಲೆ ಮುಚ್ಚಿದ್ದು. ನಾನು ವಾಡಿಕೆಯ ಹಾಗೆ ಟಾರ್ಚ್ ತೆಗೆದುಕೊಂಡೆ. ಆಚೆಮನೆಯವನು ಆಕಳಿಸುತ್ತ ಮೆಟ್ಟಿಲ ಹತ್ತಿರ ನಿಂತಿದ್ದ. ಮಾವ ಕೋಲೂರಿಕೊಂಡು ಹೊರಗೆ ಬಂದು, ನನ್ನ ಕಡೆ ನೋಡಿ, "ಟಾರ್ಚ್ ಅವನಿಗೆ ಕೊಡು" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಹೆಂಡತಿ ನನ್ನ ಕೈಯಿಂದ ಟಾರ್ಚ್ ಕಿತ್ತು ಅವನಿಗೆ ಕೊಟ್ಟಳು. ಅತ್ತೆ ಸಿಂಬೆ ತಂದು ನನ್ನ ತಲೆಯ ಮೇಲಿಟ್ಟರು. ಬುಟ್ಟಿಯನ್ನು ಎತ್ತಿ ಕೂರಿಸಿದ್ದು ಆಚೆಮನೆಯವನೇ. "ಭಾರ ಉಂಟು ಭಾವ, ಮೆಲ್ಲ" ಎಂದ. ಅವನಿಗೆ ನನ್ನ ಸಿಟ್ಟು ಗೊತ್ತೇ ಇರಲಿಲ್ಲ.

ಮಾವನೂ ನಮ್ಮ ಜೊತೆ ಇಳಿದು ಬಂದರು, ನಿಧಾನವಾಗಿ. ಪೈರಿನ ಮೇಲೆ ಮಂಜು ಕೂತಿತ್ತು. ಮೊದಲ ಮೂಲೆಯಲ್ಲಿ ನಿಂತು ಮಾವ ಕೇಳಿದರು, "ಎಂತೆಂತ ತಂದಿದೀಯ?" ನಾನು ಹೇಳುತ್ತ ಹೋದೆ, ಹೇಳಿದ ಹಾಗೆ ಬೀರುತ್ತ ಹೋದೆ. ಒಂದೆಲಗ. ಕೆಸು. ಹೊನಗೊನೆ. ಹಿಂದಿನಿಂದ ಆಚೆಮನೆಯವನು 'ಹೂ' ಎನ್ನುತ್ತಿದ್ದ. ಕಾಡುತೊಗರಿ. ಗುಲಗಂಜಿ. ಒಂದೂ ತಪ್ಪಲಿಲ್ಲ. ಕೆಳಗದ್ದೆಯ ಕೊನೆಯ ಮೂಲೆಗೆ ಬಂದಾಗ ಎಲ್ಲ ಹೆಸರೂ ಮುಗಿದಿತ್ತು, ಬುಟ್ಟಿಯಲ್ಲಿ ಒಂದು ಹಿಡಿ ಸೊಪ್ಪು ಉಳಿದಿತ್ತು.

"ಒಂದು ಬಿಟ್ಟೆ" ಎಂದರು ಮಾವ.

"ಇಲ್ಲ ಮಾವ. ಎಲ್ಲಾ ಹೇಳ್ದೆ."

"ಅಳಿಯನ ಬಳ್ಳಿ ಹೇಳಲಿಲ್ಲ."

ಅಂಥ ಹೆಸರನ್ನು ನಾನು ಕೇಳಿರಲೇ ಇಲ್ಲ. ಮಾವ ಕೋಲಿನ ತುದಿಯಿಂದ ಅಂಚನ್ನು ತೋರಿಸಿದರು. ಆಚೆಮನೆಯವನು ಅತ್ತ ಟಾರ್ಚ್ ಬಿಟ್ಟ. ಕೆಂಪು ಚೂರು ಕಟ್ಟಿದ ದಬ್ಬೆ ನೆಟ್ಟಗೆ ನಿಂತಿತ್ತು. ಬಳ್ಳಿಯ ಕುಡಿಗಳೆಲ್ಲ ಚಿವುಟಿ ಹೋಗಿದ್ದವು, ಮೊಗ್ಗಿದ್ದ ಕುಡಿಯೂ ಸೇರಿ.

"ನಿನ್ನತ್ತೆ ನಿನ್ನೆ ಕಪ್ಪಾಗೋ ಹೊತ್ತಿಗೆ ಬಂದು ಚಿವುಟಿಕೊಂಡು ಹೋದ್ಲು" ಎಂದರು ಮಾವ.

ನನಗೆ ಸಿಟ್ಟು ಬಂತು. ಮಳೆಗಾಲವಿಡೀ ಕಾದದ್ದು ಆ ಒಂದು ಮೊಗ್ಗಿಗೆ. ಅದನ್ನೇ ಬೇಯಿಸಿಬಿಟ್ಟರಲ್ಲ. "ಹೆಸ್ರು ಗೊತ್ತಿಲ್ಲದ್ದು ಗಡಿಗೆಗೆ ಹಾಕಬಾರ್ದು ಅಂತ ನೀವೇ ಹೇಳಿದ್ದಲ್ವಾ ಮಾವ?"

"ಗೊತ್ತಿಲ್ಲ ಅಂತ ಯಾರು ಹೇಳಿದ್ದು? ಮಳೆ ಹಿಡಿದಾಗಿಂದ ಮನೇಲಿ ಎಲ್ರೂ ಅದಕ್ಕೆ ಹಾಗೇ ಹೇಳೋದು. 'ಅಳಿಯನ ಬಳ್ಳಿ ಬಿಟ್ಟು ಕೊಯ್ಯಿ' ಅಂತ ಹುಲ್ಲಿನವ್ರಿಗೆ ನಿನ್ನತ್ತೆ ದಿನಾ ಕೂಗ್ತಾಳೆ. ನೀನು ಆಟೋ ತಗೊಂಡು ಹೋಗಿರ್ತಿ, ನಿಂಗೆ ಹೇಗೆ ಗೊತ್ತಾಗ್ತದೆ?" ಎಂದರು ಮಾವ. "ಈ ಮನೆ ಗದ್ದೇಲಿ ಹುಟ್ಟಿದ್ದು, ಈ ಮನೆಯವ್ರು ಹೆಸರಿಟ್ಟದ್ದು. ಗಡಿಗೆಗೆ ಬೀಳದೆ ಇನ್ನೆಲ್ಲಿಗೆ ಹೋಗ್ತದೆ?"

ನನಗೆ ಅಳು ಬಂತು. ತಲೆಯ ಮೇಲೆ ಬುಟ್ಟಿ ಇದ್ದದ್ದರಿಂದ ಮುಖ ತಗ್ಗಿಸುವಂತಿರಲಿಲ್ಲ, ಒರೆಸಿಕೊಳ್ಳಲು ಕೈಯೂ ಖಾಲಿ ಇರಲಿಲ್ಲ. ಆಚೆಮನೆಯವನು ಟಾರ್ಚನ್ನು ಮೆಲ್ಲಗೆ ಬೇರೆ ಕಡೆಗೆ ತಿರುಗಿಸಿದ.

"ಹೇಳಿ ಬೀರು ಮಾರಾಯ" ಎಂದರು ಮಾವ. "ಬೆಳಕಾಗ್ತದೆ."

ಉಳಿದಿದ್ದ ಹಿಡಿಸೊಪ್ಪನ್ನು ತೆಗೆದು, "ಅಳಿಯನ ಬಳ್ಳಿ" ಎಂದು ಜೋರಾಗಿ ಹೇಳಿ ಪೈರಿನ ಮೇಲೆ ಬೀರಿದೆ. ಹಿಂದಿನಿಂದ ಇಬ್ಬರೂ ಒಟ್ಟಿಗೆ 'ಹೂ' ಎಂದರು.